ತೋಳಿಗೆ ಬಿಪಿ ಪಟ್ಟಿ, ಮಿದುಳಿಗೆ ಮದ್ದು?

ಚಳ್ಳಕೆರೆ ಕಡೆಯ ಹಳ್ಳಿಯಲ್ಲಿ ನಮ್ಮ ದೊಡ್ಡಪ್ಪ ಶೇಂಗಾ ಬಿಡಿಸುತ್ತಾ ಕೂತಿದ್ದರು. ಕೈಯಲ್ಲಿದ್ದ ಟೀ ಲೋಟ ಜಾರಿತು, ಬಾಯಿ ಸೊಟ್ಟಗಾಯಿತು. ಲಕ್ವ ಅಂತ ಎಲ್ಲರಿಗೂ ಗೊತ್ತಾಯಿತು. ಆದರೂ ಮೊದಲು ಓಡಿದ್ದು ನಾಟಿ ಔಷಧಿ ಕೊಡುವವರ ಹತ್ತಿರ. ಚಿತ್ರದುರ್ಗದಲ್ಲಿ ಸ್ಕ್ಯಾನ್ ಆಗುವಷ್ಟರಲ್ಲಿ ಕತ್ತಲಾಗಿತ್ತು.

ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದೂ ಸ್ಕ್ಯಾನ್ ನೋಡಿದ ಮೇಲೆ. ಮಿದುಳಲ್ಲಿ ರಕ್ತ ಸೋರಿದ್ದರೆ ಅದೇ ಇಂಜೆಕ್ಷನ್ ಪ್ರಾಣಕ್ಕೆ ಕುತ್ತು. ಮೊಳಕಾಲ್ಮೂರಿನಿಂದ ದುರ್ಗಕ್ಕೆ ಸುಮಾರು 80 ಕಿ.ಮೀ. ಹಾಗಾಗಿ ಆಂಬುಲೆನ್ಸಿನಲ್ಲೇ ಶುರುವಾಗುವ ಚಿಕಿತ್ಸೆ ಅಂದರೆ ನಮ್ಮ ಕಡೆಯವರಿಗೆ ಆಸೆ ಹುಟ್ಟದೆ ಇರುತ್ತದೆಯೇ?

ಅಂಥದ್ದೊಂದು, ತೋಳಿಗೆ ಪಟ್ಟಿ ಕಟ್ಟಿ ರಕ್ತವನ್ನು ಆಗಾಗ ತಡೆದು ಬಿಡುವುದು. ಅದರ ಬೇರು 1986ರಲ್ಲಿದೆ. ಅಮೆರಿಕದಲ್ಲಿ ಮರ್ರಿ, ಜೆನ್ನಿಂಗ್ಸ್, ರೀಮರ್ ಎಂಬ ಮೂವರು ನಾಯಿಗಳ ಹೃದಯದ ರಕ್ತನಾಳವನ್ನು ಐದೈದು ನಿಮಿಷದಂತೆ ನಾಲ್ಕು ಸಲ ಮುಚ್ಚಿ ತೆರೆದರು. ಆಮೇಲೆ 40 ನಿಮಿಷ ಮುಚ್ಚೇಬಿಟ್ಟರು. ಹಾನಿ ಜಾಸ್ತಿ ಆಗಬೇಕಿತ್ತು ಅಲ್ವಾ? ಆಗಿದ್ದು, ಮೊದಲು ಹಾಗೆ ಮುಚ್ಚಿ ತೆರೆಯದೆ ನೇರವಾಗಿ 40 ನಿಮಿಷ ಮುಚ್ಚಿದ ನಾಯಿಗಳಿಗೆ ಆದದ್ದರ ಕಾಲುಭಾಗ! ಒಪ್ಪೊತ್ತು ಇದ್ದು ರೂಢಿಯಾದವರು ದಿನವಿಡೀ ಉಪವಾಸ ತಡೆದ ಹಾಗೆ. 1993ರಲ್ಲಿ ಹೃದಯದ ಒಂದು ಮೂಲೆಗೆ ಹೀಗೆ ಮಾಡಿದರೆ ಇನ್ನೊಂದು ಮೂಲೆಗೂ ರಕ್ಷಣೆ ಸಿಗುವುದು ಕಂಡಿತು. 2002ರ ಹೊತ್ತಿಗೆ ಹೃದಯವನ್ನು ಮುಟ್ಟುವುದೇ ಬೇಡ, ಕೈಕಾಲಿನ ರಕ್ತ ತಡೆದರೂ ಸಾಕು ಅನ್ನುವಲ್ಲಿಗೆ ಬಂತು.

ಅದಕ್ಕೆ ಬೇಕಾದದ್ದು ಬಿಪಿ ಪಟ್ಟಿಯಂಥದ್ದೇ ಒಂದು ಪಟ್ಟಿ. ಒತ್ತಡವನ್ನು 200ಕ್ಕೆ ಏರಿಸುತ್ತಾರೆ. ಬೆರಳು ಜೋಮು ಹಿಡಿಯುತ್ತದೆ, ಅಂಗೈ ಬಿಳಿಚಿಕೊಳ್ಳುತ್ತದೆ. ಐದು ನಿಮಿಷಕ್ಕೆ ಗಾಳಿ ಬಿಟ್ಟರೆ ಬೆಚ್ಚಗೆ ರಕ್ತ ನುಗ್ಗುತ್ತದೆ. ಮತ್ತೆ ಬಿಗಿ, ಮತ್ತೆ ಸಡಿಲ. ನರದ ದಾರಿಯಲ್ಲೋ ರಕ್ತದ ದಾರಿಯಲ್ಲೋ ಸುದ್ದಿ ದೂರದ ಅಂಗಕ್ಕೆ ಮುಟ್ಟುತ್ತದೆ ಅನ್ನುತ್ತಾರೆ. ಹೇಗೆ ಅನ್ನುವುದು ಇನ್ನೂ ಪೂರ್ತಿ ಬಿಡಿಸದ ಗಂಟು.

ಹೃದಯಾಘಾತದಲ್ಲಿ ಇದು ಕೈಕೊಟ್ಟಿತು. 2019ರಲ್ಲಿ ಪ್ರಕಟವಾದ, 5,400 ಮಂದಿಯ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಲಕ್ವದಲ್ಲಿ ಕಥೆ ಬೇರೆ. ಚೀನಾದಲ್ಲಿ ಸುಮಾರು 1,800 ಮಂದಿಯ ಮೇಲೆ ಪ್ರಯೋಗವಾಯಿತು. ಲಕ್ವ ಹೊಡೆದ 48 ಗಂಟೆಯೊಳಗೆ ಶುರು ಮಾಡಿ, ದಿನಕ್ಕೆರಡು ಸಲ, 10ರಿಂದ 14 ದಿನ ಪಟ್ಟಿ ಕಟ್ಟಿದರು. ಮೂರು ತಿಂಗಳಿಗೆ ಚೆನ್ನಾಗಿ ಚೇತರಿಸಿಕೊಂಡವರು ಶೇ 67.4. ಪಟ್ಟಿ ಕಟ್ಟದವರಲ್ಲಿ ಶೇ 62. ಇದು 2022ರ ಸುದ್ದಿ. ಮರುವರ್ಷವೇ ಡೆನ್ಮಾರ್ಕ್ ತಣ್ಣೀರೆರಚಿತು. ಅಲ್ಲಿ ಆಂಬುಲೆನ್ಸಿನಲ್ಲೇ ಪಟ್ಟಿ ಕಟ್ಟಿದ್ದರು, 1,500 ಮಂದಿಗೆ. ಅರ್ಧ ಜನರಿಗೆ ನಿಜವಾದ ಬಿಗಿ, ಉಳಿದವರಿಗೆ ಸುಮ್ನೆ ನೆಪಕ್ಕೆ. ಚೇತರಿಕೆಯಲ್ಲಿ ಲೆಕ್ಕಕ್ಕೆ ಬರುವ ವ್ಯತ್ಯಾಸವೇ ಇಲ್ಲ.

ನೆಪದ ಪಟ್ಟಿ ಚೀನಾದಲ್ಲಿ ಇರಲಿಲ್ಲ. ಚಿಕಿತ್ಸೆ ಸಿಕ್ಕಿತು ಅಂತ ಗೊತ್ತಿದ್ದರೆ ಆ ನಂಬಿಕೆಯೇ ಲೆಕ್ಕವನ್ನು ವಾಲಿಸಬಹುದು. ಅದಕ್ಕೇ ನನಗೆ ಡೆನ್ಮಾರ್ಕಿನ ಲೆಕ್ಕದ ಮೇಲೆ ನಂಬಿಕೆ ಜಾಸ್ತಿ. ಆದರೆ ಅಲ್ಲಿ ಬಹುಪಾಲು ಒಂದೆರಡು ಸಲ ಕಟ್ಟಿದ್ದು, ಚೀನಾದಲ್ಲಿ ಎರಡು ವಾರ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದೂ ಕಷ್ಟವೇ.

ದೊಡ್ಡಪ್ಪನ ಮನೆಯಲ್ಲೂ ಒಂದು ಬಿಪಿ ಮಷಿನ್ ಇದೆ. ದೊಡ್ಡಮ್ಮ ಅದರ ಡಬ್ಬಿ ಮೇಲೆ 108 ಅಂತ ದಪ್ಪಕ್ಷರದಲ್ಲಿ ಬರೆಸಿ ಅಂಟಿಸಿದ್ದಾರೆ. ಕೆಳಗೆ, ರಾತ್ರಿಯೂ ಸ್ಕ್ಯಾನ್ ಮಾಡುವ ಆಸ್ಪತ್ರೆಯ ನಂಬರ್.