ಲರ್ಚರ್ ಅಂದರೆ ತಳಿಯಲ್ಲ, ಕಂತ್ರಿಯೂ ಅಲ್ಲ

‘ಪ್ಯೂರ್ ಲರ್ಚರ್ ಮರಿಗಳು, ಪೇಪರ್ ಸಮೇತ.’ ನಾಯಿ ಮಾರುವವರ ಇಂಥ ಜಾಹೀರಾತು ಕಂಡಾಗ ಮೊದಲೆಲ್ಲ ನಗು ಬರುತ್ತಿತ್ತು. ಪೇಪರ್ ಅಂದರೆ ಶುದ್ಧ ತಳಿ ಅನ್ನುವುದಕ್ಕೆ ದಾಖಲೆ. ಈಗ ಸುಸ್ತಾಗುತ್ತದೆ. ಪ್ಯೂರ್ ಲರ್ಚರ್ ಅನ್ನುವುದೇ ಇಲ್ಲ. ಬೆರಕೆಯಾಗಿದ್ದರೆ ಮಾತ್ರ ಅದು ಲರ್ಚರ್. ಇನ್ನು ಕೆಲವರು ಮುಧೋಳ ನಾಯಿಯ ಫೋಟೋ ಹಾಕಿ ಕೆಳಗೆ ‘ಇಂಡಿಯನ್ ಲರ್ಚರ್’ ಅಂತ ಬರೆಯುತ್ತಾರೆ. ಉದ್ದ ಕಾಲು, ಚೂಪು ಮೂತಿ, ಒಳಗೆ ಸೇರಿದ ಹೊಟ್ಟೆ ಇದ್ದರೆ ಮುಗೀತು, ಲರ್ಚರ್! ಇದಕ್ಕೆ ಪೂರ್ತಿ ಉಲ್ಟಾ ಹೇಳುವವರೂ ಇದ್ದಾರೆ. ಅವರ ಪ್ರಕಾರ ಲರ್ಚರ್ ಅಂದರೆ ಕಂತ್ರಿ ನಾಯಿಗೆ ಇಂಗ್ಲಿಷಿನಲ್ಲಿ ಇಟ್ಟ ಹೆಸರು, ಅಷ್ಟೇ.

ಮೂರೂ ತಪ್ಪು. ಲರ್ಚರ್ ಬ್ರಿಟನ್ನಿನ ಹಳ್ಳಿಗಾಡಿನ ಬೇಟೆ ನಾಯಿ. ಅದರ ತಂದೆ ತಾಯಿಯಲ್ಲಿ ಒಂದು ಸೈಟ್‌ಹೌಂಡ್ ಆಗಿರಬೇಕು. ಅಂದರೆ ಮೂಗಿಗಿಂತ ಕಣ್ಣನ್ನು ನಂಬಿ, ಓಡಿ ಹಿಡಿಯುವ ಜಾತಿ: ಗ್ರೇಹೌಂಡ್, ವಿಪ್ಪೆಟ್, ಡೀರ್‌ಹೌಂಡ್, ಸಲೂಕಿ. ಇನ್ನೊಂದು ಬೇರೆ ಕಸುಬಿನ ನಾಯಿ, ಹೆಚ್ಚಾಗಿ ಕುರಿ ಕಾಯುವ ಕೋಲಿ ಅಥವಾ ಬಿಲಕ್ಕೆ ನುಗ್ಗುವ ಬೆಡ್ಲಿಂಗ್ಟನ್‌ನಂಥ ಟೆರಿಯರ್. ಇವೆರಡನ್ನು ಬೇಕಂತಲೇ ಕೂಡಿಸಿ, ಕೆಲಸಕ್ಕೆ ಅಂತಲೇ ಹುಟ್ಟಿಸಿದ ಮರಿ ಲರ್ಚರ್. ‘ಬೇಕಂತಲೇ’ ಅನ್ನುವುದನ್ನು ಬಿಟ್ಟರೆ ಕಂತ್ರಿಗೂ ಅದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಅಲ್ಲಿನ ಇಬ್ಬರು ನಾಯಿಗಾರರು ಸಿಕ್ಕರೆ ಮೊದಲು ಕೇಳುವುದು ನಾಯಿಯ ಹೆಸರಲ್ಲ, ‘ಯಾವುದಕ್ಕೆ ಯಾವುದು ಹಾಕಿದ್ದು?’ ಅಂತ. ಇದಕ್ಕೆ ಉತ್ತರ ಇಲ್ಲದ ನಾಯಿಯನ್ನು ಲರ್ಚರ್ ಅಂತ ಮಾರುವವನನ್ನು ನಂಬಬೇಡಿ.

ಈಗ ಹೆಸರಿನ ವಿಚಾರ. ಇಲ್ಲೇ ಜಾಸ್ತಿ ಕಥೆ ಕಟ್ಟಿರುವುದು.

ಇಂಗ್ಲಿಷಿನಲ್ಲಿ ‘ಲರ್ಚ್’ ಅನ್ನುವ ಪದ ಒಂದಲ್ಲ, ಮೂರು. ಒಂದು, ತಟ್ಟನೆ ವಾಲುವುದು, ತೂರಾಡುವುದು. ಇದು ಹಡಗಿನವರ ಮಾತಿನಿಂದ ಬಂದದ್ದು. ಇನ್ನೊಂದು, ಯಾರನ್ನಾದರೂ ನಡುನೀರಿನಲ್ಲಿ ಕೈಬಿಡುವುದು ಅನ್ನುವಾಗ ಬರುವ ಲರ್ಚ್. ಅದು ‘ಲೂರ್ಶ್’ ಎಂಬ ಹಳೆಯ ಫ್ರೆಂಚ್ ಪಗಡೆಯಾಟದ್ದು. ಆಟದಲ್ಲಿ ತೀರಾ ಹಿಂದೆ ಬಿದ್ದವನ ಪಾಡನ್ನು ಹೇಳುವ ಪದ. ಮೂರನೆಯದು ಹೊಂಚು ಹಾಕುವುದು, ಕದ್ದು ಸುಳಿದಾಡುವುದು. ‘ಲರ್ಕ್’ ಎಂಬ ಪದದ ಇನ್ನೊಂದು ರೂಪ ಇದು ಅಂತ ನಿಘಂಟಿನವರು ಹೇಳುತ್ತಾರೆ. ನಮ್ಮ ನಾಯಿಯ ಹೆಸರು ಬಂದದ್ದು ಈ ಮೂರನೆಯದರಿಂದ.

ಆದರೆ ಜನ ಮೊದಲನೆಯದನ್ನೇ ಹಿಡಿಯುತ್ತಾರೆ. ‘ಈ ನಾಯಿ ಓಡುವಾಗ ವಾಲುತ್ತದೆ, ಅದಕ್ಕೇ ಲರ್ಚರ್’ ಅಂತ ವಿವರಣೆ ಕೊಡುವ ವಿಡಿಯೋಗಳಿವೆ. ಸುಮ್ನೆ ಒಂದು ಸಲ ಲರ್ಚರ್ ಓಡುವುದನ್ನು ನೋಡಲಿ. ಮೊಲದ ಹಿಂದೆ ತಿರುವು ತೆಗೆದುಕೊಳ್ಳುವಾಗ ಅಷ್ಟು ಹತೋಟಿಯಲ್ಲಿರುವ ನಾಯಿಯೇ ಕಡಿಮೆ. ತೂರಾಡುವ ನಾಯಿಯ ಕೈಗೆ ಮೊಲ ಸಿಕ್ಕ ಹಾಗೇ!

ಲರ್ಚರ್ ಅನ್ನುವ ಪದ ಮೊದಲು ಮನುಷ್ಯನಿಗೆ ಇತ್ತು. 16ನೇ ಶತಮಾನದಲ್ಲಿ ಅದರ ಅರ್ಥ ಚಿಲ್ಲರೆ ಕಳ್ಳ, ಹೊಂಚುಗಾರ. ನಾಯಿಗೆ ಅಂಟಿದ್ದು 17ನೇ ಶತಮಾನದಲ್ಲಿ. ಕಾರಣ ಊಹಿಸುವುದು ಕಷ್ಟವಲ್ಲ. ಕತ್ತಲಲ್ಲಿ ದೊರೆಗಳ ಜಮೀನಿಗೆ ನುಗ್ಗಿ ಮೊಲ ಹೊಡೆಯುವವನೂ ಹೊಂಚುಗಾರ, ಅವನ ಜೊತೆಗೆ ಸದ್ದಿಲ್ಲದೆ ಹೋಗುವ ನಾಯಿಯೂ ಹೊಂಚುಗಾರ. ಇದರ ಜೊತೆಗೆ ಇನ್ನೊಂದು ವಾದವಿದೆ. ರೋಮಾನಿ ಅಲೆಮಾರಿಗಳ ಭಾಷೆಯಲ್ಲಿ ‘ಲೂರ್’ ಅಂದರೆ ಕಳ್ಳತನ, ಪದ ಅಲ್ಲಿಂದ ಬಂತು ಅಂತ. ಲರ್ಚರ್ ಸಾಕುವವರಲ್ಲಿ ರೋಮಾನಿಗಳು ತುಂಬ ಜನ ಇದ್ದದ್ದು ನಿಜ. ಕಥೆ ಹಿಡಿಸುತ್ತದೆ ಕೂಡ. ಆದರೆ ಇಂಗ್ಲಿಷಿನಲ್ಲೇ ಹೊಂಚುಗಾರ ಎಂಬ ಅರ್ಥದ ಪದ ಮೊದಲೇ ಇರುವಾಗ ಅದನ್ನು ಬೇರೆ ಮನೆಯಿಂದ ಎರವಲು ತರುವುದು ಯಾಕೆ?

ಇದಕ್ಕಿಂತ ಹೆಚ್ಚು ಓಡಾಡುವ ಕಥೆ ಇನ್ನೊಂದು. ‘ಹಿಂದೆ ಇಂಗ್ಲೆಂಡಿನಲ್ಲಿ ಬಡವರು ಗ್ರೇಹೌಂಡ್ ಸಾಕುವಂತಿರಲಿಲ್ಲ. ಅದಕ್ಕೆ ಕುರಿನಾಯಿಯ ಜೊತೆ ಬೆರೆಸಿ, ಇದು ಗ್ರೇಹೌಂಡ್ ಅಲ್ಲ ಸ್ವಾಮಿ ಅಂತ ಹೇಳಿ ಕಾನೂನಿಗೆ ಚಳ್ಳೆಹಣ್ಣು ತಿನ್ನಿಸಿದರು.’ ಕೇಳಲು ಚೆಂದ. ಆದರೆ 1671ರ ಬೇಟೆ ಕಾಯ್ದೆಯನ್ನು ತೆರೆದು ನೋಡಿ. ವರ್ಷಕ್ಕೆ 100 ಪೌಂಡ್ ಹುಟ್ಟುವ ಸ್ವಂತ ಆಸ್ತಿ ಅಥವಾ ಅದಕ್ಕೆ ಸಮನಾದ ಹಕ್ಕು ಇಲ್ಲದವರ ಮನೆಯಿಂದ ಏನೇನು ವಶಪಡಿಸಿಕೊಳ್ಳಬಹುದು ಅಂತ ಅದರಲ್ಲಿ ಪಟ್ಟಿ ಇದೆ. ಕೋವಿ, ಬಿಲ್ಲು, ಮೊಲದ ಬಿಲಕ್ಕೆ ಬಿಡುವ ಫೆರೆಟ್ ಎಂಬ ಪ್ರಾಣಿ, ಬಲೆ, ಉರುಲು ಎಲ್ಲ ಇವೆ. ಅದೇ ಪಟ್ಟಿಯಲ್ಲಿ ಗ್ರೇಹೌಂಡ್ ಬೇರೆ, ಲರ್ಚರ್ ಬೇರೆ, ಎರಡನ್ನೂ ಹೆಸರು ಹೇಳಿ ಬರೆದಿದ್ದಾರೆ. ಅಂದಮೇಲೆ ತಪ್ಪಿಸಿಕೊಳ್ಳುವ ದಾರಿ ಎಲ್ಲಿ ಉಳಿಯಿತು? ಆ ಆಸ್ತಿಯ ಷರತ್ತು 1831ರವರೆಗೂ ಇತ್ತು. ಬಡವ ಲರ್ಚರ್ ಸಾಕಿದ್ದು ಕಾನೂನು ಬಿಡುತ್ತದೆ ಅಂತಲ್ಲ, ಅದು ಕೆಲಸಕ್ಕೆ ಬರುತ್ತದೆ ಅಂತ. ಕುರಿನಾಯಿಯ ಒರಟು ಕೂದಲು ಹೊದ್ದ ನಾಯಿ ದೂರದಿಂದ ನೋಡುವ ಕಾವಲುಗಾರನ ಕಣ್ಣಿಗೆ ಅಷ್ಟಾಗಿ ಕುಕ್ಕುತ್ತಿರಲಿಲ್ಲ ಅಂದರೆ ಒಪ್ಪಬಹುದು.

ಬೆರೆಸುವ ಲೆಕ್ಕಕ್ಕೆ ಬರೋಣ. ಗ್ರೇಹೌಂಡ್ ಗಂಟೆಗೆ 60 ಕಿಲೋಮೀಟರ್ ದಾಟಿ ಓಡುತ್ತದೆ, ಆದರೆ ಸ್ವಲ್ಪ ದೂರ ಮಾತ್ರ. ಚರ್ಮ ತೆಳು, ಮುಳ್ಳುತಂತಿ ತಗುಲಿದರೆ ಬಟ್ಟೆ ಹರಿದ ಹಾಗೆ ಹರಿಯುತ್ತದೆ. ಕರೆದರೆ ಬರಬೇಕು ಅನ್ನುವುದರಲ್ಲಿ ಆಸಕ್ತಿಯೂ ಅಷ್ಟಕ್ಕಷ್ಟೇ. ಕೋಲಿಗೆ ಅಷ್ಟು ವೇಗ ಇಲ್ಲ. ಆದರೆ ಬುದ್ಧಿ, ದಮ್ಮು, ಗಟ್ಟಿ ಪಾದ, ಮಳೆ ತಡೆಯುವ ಕೂದಲು ಇವೆ. ಎರಡನ್ನು ಕೂಡಿಸಿದರೆ ಮೊದಲ ಕ್ರಾಸ್. ಅದನ್ನು ಮತ್ತೆ ಗ್ರೇಹೌಂಡಿಗೆ ಹಾಕಿದರೆ ಮುಕ್ಕಾಲು ಗ್ರೇಹೌಂಡ್, ಕಾಲು ಕೋಲಿ. ವೇಗ ಸಾಲದು ಅನ್ನುವವರು ಈ ಎರಡನೆಯದನ್ನು ಇಷ್ಟಪಡುತ್ತಾರೆ. ಸಣ್ಣ ಹೊಲ, ಬೇಲಿ, ಬರೀ ಮೊಲದ ಕೆಲಸ ಅಂದರೆ ವಿಪ್ಪೆಟ್‌ಗೆ ಬೆಡ್ಲಿಂಗ್ಟನ್. ದೂರ ಓಡಬೇಕೆಂದರೆ ಸಲೂಕಿಯ ರಕ್ತ. ನನ್ನ ಕೇಳಿದರೆ ಕೋಲಿಯ ಮೊದಲ ಕ್ರಾಸಿನಷ್ಟು ಉಪಯೋಗಕ್ಕೆ ಬರುವುದು ಬೇರೆ ಇಲ್ಲ. ವೇಗದ ಹುಚ್ಚಿಗೆ ಬುದ್ಧಿಯನ್ನು ಅಳಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಕೂದಲಿರುವ ಗ್ರೇಹೌಂಡ್, ಅಲ್ವಾ?

ಲರ್ಚರ್ ಯಾಕೆ ತಳಿಯಾಗಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನು ಎತ್ತಿಟ್ಟು ಮರುವರ್ಷ ಬಿತ್ತಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮೊದಲ ಕ್ರಾಸಿನ ಮರಿಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅವನ್ನೇ ಒಂದಕ್ಕೊಂದು ಹಾಕಿದರೆ ಒಂದೇ ಸೂಲಿನಲ್ಲಿ ಒಂದು ಕುರಿನಾಯಿಯಂತೆ, ಒಂದು ಗ್ರೇಹೌಂಡಿನಂತೆ, ಮತ್ತೊಂದು ಎರಡೂ ಅಲ್ಲದ ಹಾಗೆ ಹುಟ್ಟುತ್ತವೆ. ತಳಿ ಅಂದರೆ ಮರಿ ತಾಯಿ ತಂದೆಯನ್ನೇ ಹೋಲಬೇಕು, ತಲೆಮಾರು ಕಳೆದರೂ. ಮುಧೋಳ ನಾಯಿ ಹಾಗೆ ಹೋಲುತ್ತದೆ. ಹಾಗಾಗಿ ಅದು ಶುದ್ಧ ಸೈಟ್‌ಹೌಂಡ್ ತಳಿ. ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆಯವರು ಐದನೇ ಜಾರ್ಜ್‌ಗೆ ಉಡುಗೊರೆ ಕೊಟ್ಟದ್ದು ಇದೇ ನಾಯಿಯನ್ನು. ಅದು ಲರ್ಚರ್ ಆಗಲು ಸಾಧ್ಯವೇ ಇಲ್ಲ. ಲರ್ಚರ್ ಮಾಡಲು ಬೇಕಾದ ಎರಡು ಸಾಮಾನುಗಳಲ್ಲಿ ಒಂದು ಆಗಬಹುದು, ಅಷ್ಟೇ.

ಎರಡೂ ಕಡೆ ಸೈಟ್‌ಹೌಂಡೇ ಇದ್ದರೆ? ಗ್ರೇಹೌಂಡಿಗೆ ಸಲೂಕಿ, ಡೀರ್‌ಹೌಂಡಿಗೆ ಗ್ರೇಹೌಂಡ್? ಅದಕ್ಕೆ ಲಾಂಗ್‌ಡಾಗ್ ಅಂತ ಬೇರೆ ಹೆಸರಿದೆ. ಬ್ರಿಟನ್ನಿನಲ್ಲೇ ಅರ್ಧ ಜನ ಇದನ್ನೂ ಲರ್ಚರ್ ಅಂದುಬಿಡುತ್ತಾರೆ, ಆ ಜಗಳ ಅವರಿಗೇ ಇರಲಿ. ನಮ್ಮ ರಾಂಪುರ ಹೌಂಡ್ ಹುಟ್ಟಿದ್ದು ತಾಝಿ ಎಂಬ ಅಫ್ಘಾನ್ ಸೈಟ್‌ಹೌಂಡಿಗೆ ಇಂಗ್ಲಿಷ್ ಗ್ರೇಹೌಂಡ್ ಬೆರೆಸಿ ಅನ್ನುತ್ತಾರೆ. ಅಂದರೆ ಶುರುವಿನಲ್ಲಿ ಅದು ಲಾಂಗ್‌ಡಾಗ್. ರಾಂಪುರದ ನವಾಬರು ಅದನ್ನೇ ಬೆಳೆಸುತ್ತಾ ಹೋದರು, ತಳಿಯಾಗಿ ನಿಂತಿತು. ಲರ್ಚರ್ ಸಾಕುವವರಿಗೆ ಹಾಗೆ ನಿಲ್ಲಿಸುವುದು ಬೇಕೇ ಇಲ್ಲ. ಹೊಲ ಬದಲಾದರೆ ಬೆರಕೆಯೂ ಬದಲಾಗಬೇಕು.

ಲರ್ಚರ್ ಪದಕ್ಕೆ ಬಂದ ಗತಿಯೇ ಟೆರಿಯರ್ ಪದಕ್ಕೂ. ಮನೆಯೊಳಗೆ ಬೊಗಳುವ ಸಣ್ಣ ನಾಯಿಗಳೆಲ್ಲ ಟೆರಿಯರ್ ಅಂದುಕೊಂಡಿದ್ದಾರೆ. ಲ್ಯಾಟಿನ್ನಿನ ‘ಟೆರ್ರಾ’, ಅಂದರೆ ನೆಲ. ನೆಲದೊಳಗೆ, ಬಿಲಕ್ಕೆ ನುಗ್ಗುವ ನಾಯಿ ಟೆರಿಯರ್. ಟಿಬೆಟನ್ ಟೆರಿಯರ್ ಬಿಲಕ್ಕೆ ನುಗ್ಗಿದ್ದಿಲ್ಲ, ಹೆಸರು ಯುರೋಪಿನವರು ಇಟ್ಟದ್ದು. ಏರ್‌ಡೇಲ್ ಹೆಸರಿಗೆ ಟೆರಿಯರ್, ನರಿಯ ಬಿಲದಲ್ಲಿ ಅದರ ಎದೆಯೇ ಹಿಡಿಸುವುದಿಲ್ಲ. ಕೆಲಸದ ಟೆರಿಯರನ್ನು ಅಳೆಯುವುದು ಎತ್ತರದಿಂದಲ್ಲ, ಎದೆಯ ಸುತ್ತಳತೆಯಿಂದ. ಮುಂಗಾಲಿನ ಹಿಂದೆ ಎರಡೂ ಕೈಯಿಂದ ಬಳಸಿ ಹಿಡಿದಾಗ ಬೆರಳುಗಳು ಕೂಡಬೇಕು.

ಜ್ಯಾಕ್ ರಸೆಲ್ ಇದ್ದನಲ್ಲ, ಡೆವನ್ ಸೀಮೆಯ ಪಾದ್ರಿ, ಅವನು 1819ರಲ್ಲಿ ಆಕ್ಸ್‌ಫರ್ಡ್ ಹತ್ತಿರ ಹಾಲಿನವನೊಬ್ಬನಿಂದ ‘ಟ್ರಂಪ್’ ಎಂಬ ಹೆಣ್ಣುನಾಯಿಯನ್ನು ಕೊಂಡ. ಜ್ಯಾಕ್ ರಸೆಲ್ ಟೆರಿಯರ್‌ಗಳ ಮುಂದಿನ ಸಂಸಾರವೆಲ್ಲ ಅದರಿಂದ. ನರಿಯನ್ನು ಒಳಗೇ ಕೊಲ್ಲುವ ನಾಯಿ ಅವನಿಗೆ ಬೇಕಿರಲಿಲ್ಲ, ಹೊರಗೆ ಓಡಿಸುವುದು ಬೇಕಿತ್ತು. ಅವನ ಹೆಸರಿನ ನಾಯಿಯನ್ನು ತಳಿಗಳ ಪಟ್ಟಿಗೆ ಸೇರಿಸಲು ಕೆಲಸದ ನಾಯಿ ಸಾಕುವವರೇ ವರ್ಷಗಟ್ಟಲೆ ಅಡ್ಡ ನಿಂತರು. ಶೋಗೆ ಹೋದರೆ ಚೆಂದ ಉಳಿಯುತ್ತದೆ, ಕಸುಬು ಹೋಗುತ್ತದೆ ಅನ್ನುವ ಭಯ. ತಳಿಗಳ ಪಟ್ಟಿ ಇಡುವ ಬ್ರಿಟನ್ನಿನ ಕೆನಲ್ ಕ್ಲಬ್ 1990ರಲ್ಲಿ ಇದೇ ಸಂಸಾರದ ಪಾರ್ಸನ್ ರಸೆಲ್ ಅನ್ನು, 2016ರಲ್ಲಿ ಜ್ಯಾಕ್ ರಸೆಲ್ ಅನ್ನು ಪಟ್ಟಿಗೆ ತೆಗೆದುಕೊಂಡಿತು.

ತರಬೇತಿಯಲ್ಲಿ ಟೆರಿಯರ್, ಲರ್ಚರ್ ಎರಡೂ ಎದುರುಬದುರು. ಟೆರಿಯರ್ ಬೊಗಳಬೇಕು. ನೆಲದೊಳಗೆ ಎಲ್ಲಿದೆ ಅಂತ ಮೇಲೆ ನಿಂತವನಿಗೆ ಗೊತ್ತಾಗುವುದು ಅದರಿಂದಲೇ. ಈಗ ಕೊರಳಪಟ್ಟಿಗೆ ಸಿಗ್ನಲ್ ಯಂತ್ರ ಕಟ್ಟುತ್ತಾರೆ, ಆದರೂ ಮೂಕ ಟೆರಿಯರ್ ಯಾರಿಗೂ ಬೇಡ. ಲರ್ಚರ್ ಬಾಯಿ ಬಿಟ್ಟರೆ ಕೆಟ್ಟಿತು. ಓಡುತ್ತಾ ಕೂಗುವ ಲರ್ಚರನ್ನು ಕೆಲಸದವರು ಇಟ್ಟುಕೊಳ್ಳುವುದಿಲ್ಲ. ಅನುಭವ ಇಲ್ಲದ ಮರಿಯನ್ನು ಬೇಗ ಓಡಿಸಿ, ಮೊಲ ಸಿಗದೆ ಸಿಗದೆ ಹತಾಶೆಯಾದಾಗಲೇ ಈ ಚಟ ಹತ್ತುವುದು ಜಾಸ್ತಿ. ಮೂಳೆ ಬಲಿಯುವ ತನಕ, ಸುಮಾರು ಒಂದು ವರ್ಷ, ಗಂಭೀರ ಓಟ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

ಆ ಒಂದು ವರ್ಷ ಸುಮ್ಮನೆ ಕೂರಿಸುವುದಲ್ಲ. ಕರೆದರೆ ಬರುವುದು, ಬೇಲಿ ಹಾರುವುದು, ಕುರಿ ಕಂಡರೆ ಮುಖ ತಿರುಗಿಸುವುದು ಕಲಿಸಬೇಕು. ಕುರಿಯ ಪಾಠ ತಪ್ಪಿದರೆ ನಾಯಿಯ ಪ್ರಾಣಕ್ಕೇ ಕುತ್ತು. ಬೇರೆ ದಾರಿ ಇಲ್ಲದಾಗ ಕುರಿಗೆ ಬಾಯಿ ಹಾಕಿದ ನಾಯಿಯನ್ನು ಗುಂಡಿಕ್ಕಿದ ರೈತನಿಗೆ ಇಂಗ್ಲೆಂಡಿನ 1971ರ ಕಾಯ್ದೆ ರಕ್ಷಣೆ ಕೊಡುತ್ತದೆ. ಫೆರೆಟ್ ಎಂಬ ಸಪೂರ ಸಾಕುಪ್ರಾಣಿಯನ್ನು ಬಿಲದೊಳಗೆ ಬಿಟ್ಟು ಮೊಲ ಹೊರಡಿಸುತ್ತಾರೆ. ಅದನ್ನು ಲರ್ಚರ್ ಮುಟ್ಟಬಾರದು, ಹಾಗಾಗಿ ಮರಿಯಿದ್ದಾಗಲೇ ಜೊತೆಯಲ್ಲಿ ಬೆಳೆಸುತ್ತಾರೆ. ಹಿಡಿದ ಮೊಲವನ್ನು ಹಲ್ಲು ಊರದೆ, ಜೀವ ಸಹಿತ ಕೈಗೆ ತಂದುಕೊಡುವುದು ಒಳ್ಳೆಯ ಲರ್ಚರಿನ ಲಕ್ಷಣ. ಮೆತ್ತನೆ ಬಾಯಿ ಅನ್ನುತ್ತಾರೆ. ಹಲ್ಲು ಬದಲಾಗುವ ತಿಂಗಳುಗಳಲ್ಲಿ ಬಟ್ಟೆ ಕಚ್ಚಿಸಿ ಎಳೆದಾಡಿಸಿದರೆ ಈ ಗುಣ ಹೋಗುತ್ತದೆ. ಮರಿ ಆಟಕ್ಕೆ ತಂದುಕೊಟ್ಟದ್ದನ್ನು ಕಿತ್ತುಕೊಂಡು ಬೈದರೆ ಮುಂದೆ ತರುವುದೇ ಇಲ್ಲ. ಸುತ್ತ ಕುಣಿಯುತ್ತಾ ನಿಂತುಬಿಡುತ್ತದೆ.

ಕೊನೆಯ ಗೊಂದಲ ಮೊಲದ್ದೇ. ರ‍್ಯಾಬಿಟ್‌ಗೂ ಹೇರ್‌ಗೂ ನಾವು ಮೊಲ ಅನ್ನುತ್ತೇವೆ. ಬಿಲ ತೋಡಿ ಗುಂಪಾಗಿರುವುದು ರ‍್ಯಾಬಿಟ್, ಬಯಲಲ್ಲೇ ಮಲಗುವುದು ಹೇರ್. ನಮ್ಮ ಹೊಲಗಳಲ್ಲಿರುವುದು ಎರಡನೆಯದು. 2005ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾಯ್ದೆಯಿಂದ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ನಾಯಿ ಬಿಟ್ಟು ಹೇರ್ ಹಿಡಿಸುವುದು ಅಪರಾಧ. ಜಮೀನಿನವನ ಒಪ್ಪಿಗೆ ಇದ್ದರೆ ರ‍್ಯಾಬಿಟ್ ಮತ್ತು ಇಲಿ ಹಿಡಿಸಬಹುದು. ಬಿಲಕ್ಕೆ ಒಂದೇ ಟೆರಿಯರ್ ಬಿಡಬಹುದು, ಅದೂ ಕೋವಿ ಬೇಟೆಗೆ ಸಾಕಿದ ಹಕ್ಕಿಗಳನ್ನು ಉಳಿಸಲು ಮಾತ್ರ, ಲಿಖಿತ ಒಪ್ಪಿಗೆಯ ಮೇಲೆ. ಇಲ್ಲಿ ಅಷ್ಟೂ ವಿನಾಯಿತಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ನಮ್ಮ ಕಾಡುಮೊಲ ಇದೆ. ಅದರ ಹಿಂದೆ ನಾಯಿ ಬಿಟ್ಟರೆ, ನಾಯಿ ಮುಧೋಳವೋ ಲರ್ಚರೋ ಕಂತ್ರಿಯೋ ಅಂತ ಅರಣ್ಯ ಇಲಾಖೆಯವರು ಕೇಳುವುದಿಲ್ಲ.