ಕಾಲೇಜು ಕ್ರೀಡಾಪಟುವಿಗೆ ಹಣ ಕೊಡುವವರು ಯಾರು? ಅಮೆರಿಕದ ವಾದವೊಂದರ ಟಿಪ್ಪಣಿ

‘ಕಾಲೇಜು ಕ್ರೀಡಾಪಟುಗಳು ಹಣ, ಉಡುಗೊರೆ ಪಡೆಯಬಹುದೇ?’ ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಉತ್ತರ ಶುರು ಮಾಡುವವರು ಬಹುಪಾಲು ಒಂದೇ ಕಡೆ ಎಡವುತ್ತಾರೆ. ಕೊಡುವವರು ಯಾರೆಂದು ಅವರು ವಿಚಾರಿಸುವುದಿಲ್ಲ. ಜಾಹೀರಾತು ಕೊಡುವ ಕಂಪನಿ, ಕಾಲೇಜಿನ ತಂಡದ ಸಿರಿವಂತ ಅಭಿಮಾನಿ, ಸ್ವತಃ ಕಾಲೇಜು: ಈ ಮೂವರ ಉದ್ದೇಶವೂ ಬೇರೆ, ಅದರ ಪರಿಣಾಮವೂ ಬೇರೆ.

ಮೊದಲು ಹಿನ್ನೆಲೆ. ಅಮೆರಿಕದ ಕಾಲೇಜು ಕ್ರೀಡೆಯನ್ನು ನಮ್ಮ ಅಂತರಕಾಲೇಜು ಪಂದ್ಯಗಳಂತೆ ಊಹಿಸಿಕೊಳ್ಳಬೇಡಿ. ಅದನ್ನು ನಡೆಸುವ ಎನ್‌ಸಿಎಎ ಸಂಸ್ಥೆ 2010ರಲ್ಲಿ ಪುರುಷರ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಪ್ರಸಾರ ಹಕ್ಕನ್ನು 14 ವರ್ಷಗಳಿಗೆ 1,080 ಕೋಟಿ ಡಾಲರ್‌ಗೆ ಮಾರಿತು. ಆಡುವವರಿಗೆ ಸಿಗುತ್ತಿದ್ದುದು ಹೆಚ್ಚೆಂದರೆ ಶುಲ್ಕ, ವಸತಿ, ಊಟ ಮತ್ತು ಪುಸ್ತಕದ ವೆಚ್ಚ ಭರಿಸುವ ವಿದ್ಯಾರ್ಥಿವೇತನ. ಅದಕ್ಕಿಂತ ಹೆಚ್ಚು ಪಡೆದರೆ ‘ಹವ್ಯಾಸಿ’ ಎಂಬ ಅರ್ಹತೆಯೇ ಹೋಗುತ್ತಿತ್ತು.

ಈ ನಿಯಮ ಆಚರಣೆಯಲ್ಲಿ ಹೇಗಿತ್ತೆಂದು ತಿಳಿಯಲು ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಪ್ರಕರಣವೊಂದೇ ಸಾಕು. ಅಲ್ಲಿನ ಐವರು ಅಮೆರಿಕನ್ ಫುಟ್‌ಬಾಲ್ ಆಟಗಾರರು ತಾವೇ ಗೆದ್ದ ಉಂಗುರ, ತಾವೇ ತೊಟ್ಟ ಜೆರ್ಸಿ, ಮಿಷಿಗನ್ ತಂಡವನ್ನು ಸೋಲಿಸಿದ್ದಕ್ಕೆ ಕೊಡುವ ಚಿನ್ನದ ಬಣ್ಣದ ಪುಟ್ಟ ಪದಕ, ಇಂಥವನ್ನು ಮಾರಿದ್ದರು. ಹಚ್ಚೆ ಅಂಗಡಿಯಲ್ಲಿ ರಿಯಾಯಿತಿಯನ್ನೂ ಪಡೆದಿದ್ದರು. 2010ರ ಡಿಸೆಂಬರ್‌ನಲ್ಲಿ ಎನ್‌ಸಿಎಎ ಅವರನ್ನು ಐದು ಪಂದ್ಯಗಳಿಂದ ಅಮಾನತು ಮಾಡಿತು. ಆದರೆ ಆ ಐದು ಪಂದ್ಯಗಳು ಮುಂದಿನ ಋತುವಿನವು! ಎರಡೇ ವಾರದಲ್ಲಿ ಇದ್ದ ಶುಗರ್ ಬೌಲ್ ಪಂದ್ಯ ಆಡಲು ಯಾವ ಅಡ್ಡಿಯೂ ಇರಲಿಲ್ಲ. ಟಿಕೆಟ್ ಮಾರಾಟವಾಗಿದ್ದ, ಟಿವಿಯಲ್ಲಿ ಬರಲಿದ್ದ ದೊಡ್ಡ ಪಂದ್ಯ ಅದು. ತತ್ತ್ವ ಯಾರಿಗೆ ಅನ್ವಯಿಸುತ್ತಿತ್ತು, ಯಾರಿಗೆ ಇಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಹಾಗಾಗಿ ಮೊದಲ ಬಗೆಯ ಹಣದ ಬಗ್ಗೆ ನನಗೆ ಅನುಮಾನವಿಲ್ಲ. ತನ್ನ ಹೆಸರು, ಮುಖ, ಸಹಿಯಿಂದ ಬರುವ ದುಡ್ಡು ಆಟಗಾರನದೇ. ಸಂಗೀತ ಕಲಿಯುವ ವಿದ್ಯಾರ್ಥಿ ಕಛೇರಿ ಕೊಟ್ಟು ಸಂಭಾವನೆ ಪಡೆದರೆ ಯಾರೂ ಅವನನ್ನು ಕಾಲೇಜಿನಿಂದ ಹೊರಹಾಕುವುದಿಲ್ಲ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದ ಮಾಜಿ ಆಟಗಾರ ಎಡ್ ಒಬ್ಯಾನನ್ ವಿಡಿಯೊ ಗೇಮೊಂದರಲ್ಲಿ ತಮ್ಮದೇ ಪ್ರತಿರೂಪ ಕಂಡು 2009ರಲ್ಲಿ ದಾವೆ ಹೂಡಿದ್ದು ಇದೇ ಕಾರಣಕ್ಕೆ. 2019ರಲ್ಲಿ ಕ್ಯಾಲಿಫೋರ್ನಿಯಾ ಇದಕ್ಕೆ ಕಾನೂನು ಮಾಡಿತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದ ಮೇಲೆ 2021ರ ಜುಲೈನಲ್ಲಿ ಎನ್‌ಸಿಎಎ ಮಣಿಯಿತು.

ಇಲ್ಲೊಂದು ಎಚ್ಚರಿಕೆ. ಎನ್‌ಸಿಎಎ ವಿರುದ್ಧ ಆಟಗಾರರು ಹೂಡಿದ್ದ ದಾವೆಯಲ್ಲಿ 2021ರ ಜೂನ್‌ನಲ್ಲಿ ಬಂದ ಆಲ್ಸ್ಟನ್ ತೀರ್ಪು ‘ಆಟಗಾರರಿಗೆ ಸಂಬಳ ಕೊಡಿ’ ಎಂದಿತು ಎಂದು ಬರೆದರೆ ತಪ್ಪಾಗುತ್ತದೆ. ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಪ್ಪಿದ್ದು ಓದಿಗೆ ಸಂಬಂಧಿಸಿದ ಸವಲತ್ತುಗಳಿಗೆ ಮಿತಿ ಹಾಕುವಂತಿಲ್ಲ ಎಂಬುದನ್ನಷ್ಟೇ. ಎನ್‌ಸಿಎಎ ಕಾನೂನಿಗಿಂತ ಮೇಲಿನದಲ್ಲ ಎಂಬ ಖಾರವಾದ ಮಾತು ನ್ಯಾಯಮೂರ್ತಿ ಕ್ಯಾವನಾ ಅವರ ಪ್ರತ್ಯೇಕ ಅಭಿಪ್ರಾಯದಲ್ಲಿದೆ.

ಎರಡನೆಯ ಬಗೆ, ಅಭಿಮಾನಿಯ ಉಡುಗೊರೆ, ನಿಜಕ್ಕೂ ಕಷ್ಟದ್ದು. ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಆಟಗಾರರಿಗೆ ಗುಟ್ಟಾಗಿ ಹಣ ಸಂದಾಯವಾಗುತ್ತಿದ್ದುದಕ್ಕೆ ಎನ್‌ಸಿಎಎ ಅದರ 1987ರ ಫುಟ್‌ಬಾಲ್ ಋತುವನ್ನೇ ರದ್ದು ಮಾಡಿತ್ತು. ಈಗ ಗುಟ್ಟಿನ ಅಗತ್ಯವಿಲ್ಲ; ಆಟಗಾರನನ್ನು ಸೆಳೆಯುವ ಹಣಕ್ಕೆ ಜಾಹೀರಾತು ಒಪ್ಪಂದದ ಅಂಗಿ ತೊಡಿಸಿದರೆ ಆಯಿತು. ನೀವು ಚಾಪೆಯ ಕೆಳಗೆ ತೂರಿದರೆ ಅವರು ರಂಗೋಲಿಯ ಕೆಳಗೆ ತೂರುತ್ತಾರೆ. 600 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಹೊರಗಿನ ಒಪ್ಪಂದಗಳನ್ನು ವರದಿ ಮಾಡಬೇಕೆಂಬ ಈಗಿನ ನಿಯಮ ಇದನ್ನು ತಡೆಯಲೆಂದೇ ಬಂದದ್ದು. ಬಹಿರಂಗಪಡಿಸುವುದು ಕಡ್ಡಾಯವಾಗಬೇಕು ಎನ್ನುವವರ ಪಕ್ಷ ನನ್ನದು. ಪೂರ್ತಿ ನಿಷೇಧ ಹೇರಿ ನೋಡಿದ್ದಾಗಿದೆ, ಅದು ಫಲಿಸಲಿಲ್ಲ.

ಮೂರನೆಯದು ಕಾಲೇಜೇ ಕೊಡುವ ಪಾಲು. ಆಟಗಾರರಿಗೂ ಎನ್‌ಸಿಎಎಗೂ ನಡುವಿನ ದಾವೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಪ್ಪಿದ ರಾಜಿಯ ಪ್ರಕಾರ ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ಸಲ್ಲಬೇಕು. 2025–26ರಲ್ಲಿ ಈ ರಾಜಿಗೆ ಒಳಪಟ್ಟ ಪ್ರತಿ ವಿಶ್ವವಿದ್ಯಾಲಯ 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ಹಂಚಬಹುದು. ಪಾಲು ಕೊಟ್ಟ ಮೇಲೆ ಅವರು ನೌಕರರೇ ತಾನೇ? ಗಾಯಗೊಂಡರೆ ಪರಿಹಾರ, ಸಂಘ ಕಟ್ಟುವ ಹಕ್ಕು? 1955ರಲ್ಲಿ ಕಾಲೇಜು ತಂಡಕ್ಕಾಗಿ ಆಡುತ್ತ ಸತ್ತ ಯುವಕನ ವಿಧವೆಗೆ ಕಾರ್ಮಿಕ ಪರಿಹಾರ ಸಲ್ಲದು ಎಂದು ಕೊಲರಾಡೊದ ಸುಪ್ರೀಂ ಕೋರ್ಟ್ 1957ರಲ್ಲಿ ಹೇಳಿತ್ತು. ಫುಟ್‌ಬಾಲ್ ಕಾಲೇಜಿನ ವ್ಯವಹಾರವಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ. ಕೋಟಿಗಟ್ಟಲೆ ಹಂಚುವ ಸಂಸ್ಥೆ ಆ ಮಾತನ್ನು ಇಂದು ಹೇಗೆ ಹೇಳುತ್ತದೋ! ಹಂಚುವಾಗ ಮಹಿಳೆಯರಿಗೆ ಎಷ್ಟು ಎಂಬುದು ಇನ್ನೊಂದು ದೊಡ್ಡ ಜಗಳ. ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ 1972ರ ಟೈಟಲ್ ನೈನ್ ಕಾನೂನನ್ನು ಓದಿಕೊಂಡು ಅದಕ್ಕೆ ಹೋಗಿ.

ಅಮೆರಿಕಕ್ಕೆ ಓದಲು ಹೊರಟ ನಮ್ಮ ಕ್ರೀಡಾಪಟುಗಳು ಒಂದು ವಿಷಯ ತಿಳಿದಿರಬೇಕು. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಕ್ಯಾಂಪಸ್ಸಿನ ಹೊರಗೆ ಅನುಮತಿಯಿಲ್ಲದೆ ದುಡಿಯುವಂತಿಲ್ಲ. ಜಾಹೀರಾತಿಗೆ ಕ್ಯಾಮೆರಾ ಎದುರು ನಿಂತರೆ ವೀಸಾಕ್ಕೇ ಕುತ್ತು ಬರಬಹುದು. ಕೆಂಟಕಿ ತಂಡದ ಕಾಂಗೋ ಮೂಲದ ಆಟಗಾರ ಆಸ್ಕರ್ ಶಿಬ್ವೆ 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ, ಅಂದರೆ ಅಮೆರಿಕದ ನೆಲದಿಂದ ಹೊರಗಿದ್ದಾಗ, ಇಂಥ ಒಪ್ಪಂದಗಳ ಕೆಲಸ ಮುಗಿಸಿಕೊಂಡರು.