ಬೆಟ್ಟದ ಎತ್ತರ ಯಾವ ನಕ್ಷೆಯಲ್ಲಿದೆ?

ಪಾಂಡವಪುರದ ಬೇಬಿ ಬೆಟ್ಟದ ಕಲ್ಲುಗಣಿ ವಿಷಯ ಎದ್ದಾಗೆಲ್ಲ 'ಮೊದಲು ಬೆಟ್ಟ ಎಷ್ಟು ಎತ್ತರ ಇತ್ತು ಗೊತ್ತಾ' ಅನ್ನುವ ಮಾತು ಬರುತ್ತದೆ. ಪಹಣಿ, ಗ್ರಾಮ ನಕ್ಷೆ ತೆಗೆದು ನೋಡಿದರೆ ಉತ್ತರ ಸಿಗುವುದಿಲ್ಲ. ಮೈಸೂರು ಸೀಮೆಯಲ್ಲಿ 1863ರಲ್ಲಿ ಶುರುವಾದ ಕಂದಾಯ ಸರ್ವೆಗೆ ಬೇಕಾಗಿದ್ದು ಯಾರ ಜಮೀನು ಎಷ್ಟು, ಕಂದಾಯ ಎಷ್ಟು ಅನ್ನುವುದು. ಬಂಡೆಗುಡ್ಡ ಅದರ ಲೆಕ್ಕದಲ್ಲಿ ಸುಮ್ನೆ ಖರಾಬು, ಅಂದರೆ ಉಳುಮೆಗೆ ಬಾರದ ಜಾಗ. ಎತ್ತರ ಬೇಕಾದರೆ ಟೋಪೋಶೀಟ್, ಅಂದರೆ ನೆಲದ ಏರುತಗ್ಗು ತೋರಿಸುವ ಸರ್ವೆ ನಕ್ಷೆ ನೋಡಬೇಕು.

ಈ ನಕ್ಷೆಯ ಬೇರು ಇರುವುದು ಯುದ್ಧದಲ್ಲಿ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ರಾಜ್ಯದಲ್ಲಿ ಕಂಪನಿ ಒಂದು ಪಾಲು, ನಿಜಾಮ ಒಂದು ಪಾಲು ತೆಗೆದುಕೊಂಡರು, ಉಳಿದದ್ದು ಒಡೆಯರಿಗೆ. ಹಂಚಿಕೊಂಡ ಮೇಲೆ ಗಡಿ ಗೊತ್ತಾಗಬೇಕಲ್ವಾ? ಆ ಯುದ್ಧದಲ್ಲಿದ್ದ ಕಾಲಿನ್ ಮೆಕೆಂಜಿ 1800ರಲ್ಲಿ ಅಳತೆಗೆ ಹೊರಟ, ಸುಮಾರು 40,000 ಚದರ ಮೈಲಿ ಅಳೆಸಿದ, ಜೊತೆಗೆ ಶಾಸನ, ಕೈಫಿಯತ್ತು (ಊರಿನ ಚರಿತ್ರೆಯ ಬರಹ) ಅಂತ ಸಿಕ್ಕಿದ್ದೆಲ್ಲ ಗುಡ್ಡೆ ಹಾಕಿದ. ಅದೇ ಯುದ್ಧದಲ್ಲಿದ್ದ ಇನ್ನೊಬ್ಬ ವಿಲಿಯಂ ಲ್ಯಾಂಬ್ಟನ್. ಬೆಟ್ಟದ ತುದಿಯಿಂದ ತುದಿಗೆ ಕೋನ ಅಳೆದು ತ್ರಿಕೋನ ಜೋಡಿಸುತ್ತಾ ಹೋಗುವ ಕೆಲಸ ಅವನದು. ಕೋನ ಅಳೆಯುವ ಅವನ ಯಂತ್ರ, ಥಿಯೋಡಲೈಟ್, ಸುಮಾರು ಅರ್ಧ ಟನ್ ಭಾರ, 1808ರಲ್ಲಿ ತಂಜಾವೂರಿನ ಗೋಪುರಕ್ಕೆ ಏರಿಸುವಾಗ ಜಖಂ ಆಯಿತು ಕೂಡ.

ಇಷ್ಟಾದರೂ ಆ ಕಾಲದ ನಕ್ಷೆಗಳಲ್ಲಿ ಬೆಟ್ಟ ಅಂದರೆ ಇಳಿಜಾರಿನುದ್ದಕ್ಕೂ ಎಳೆದ ಸಣ್ಣ ಸಣ್ಣ ಗೀರುಗಳು, ಒಳ್ಳೇ ಕಂಬಳಿಹುಳದ ಹಾಗೆ. ನೋಡಲು ಚೆಂದ, ಎತ್ತರ ಮಾತ್ರ ತಿಳಿಯದು. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆ ಎಲ್ಲ ಶೀಟುಗಳಿಗೂ ಬಂದಿದ್ದು 1905ರ ನಂತರದ ಹೊಸ ಸರ್ವೆಯಲ್ಲಿ. ಗೆರೆ ಒತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ಬಯಲು. ಚಾಮುಂಡಿ ಬೆಟ್ಟದ 3,489 ಅಡಿಯಂಥ ತುದಿಯ ಅಂಕಿಗಳು ಬರುವುದು ಮಾತ್ರ ಲ್ಯಾಂಬ್ಟನ್ ಮಾಡಿದಂಥ ಕೋನದ ಅಳತೆಯಿಂದ.

ಹುಡುಕುವವರಿಗೆ: ಮೈಸೂರು, ಮಂಡ್ಯದ ಬಹುಪಾಲು 57ಡಿ ಸಂಖ್ಯೆಯ ಟೋಪೋಶೀಟ್ ಸರಣಿಯಲ್ಲಿದೆ. ಹಳೇ ಶೀಟಿನಲ್ಲಿ ಪಾಂಡವಪುರ ಸಿಗದಿದ್ದರೆ ಫ್ರೆಂಚ್ ರಾಕ್ಸ್ ಅಂತ ನೋಡಿ. ಹಳೇದು ಒಂದಿಂಚಿಗೆ ಒಂದು ಮೈಲಿ, ಗೆರೆಗಳ ನಡುವೆ ಸಾಮಾನ್ಯವಾಗಿ 50 ಅಡಿ. ಈಗಿನದು 1:50,000, ಗೆರೆಗೆ ಸಾಮಾನ್ಯವಾಗಿ 20 ಮೀಟರ್, ಅಂದರೆ ಸುಮಾರು 66 ಅಡಿ. ಹಾಗಾಗಿ ಹಳೇದರಲ್ಲಿ ಗೆರೆ ಜಾಸ್ತಿ, ಗುಡ್ಡದ ಆಕಾರ ಹೆಚ್ಚು ವಿವರವಾಗಿ ಕಾಣಬಹುದು, ಆದರೆ ಎರಡು ಗೆರೆಗಳ ನಡುವೆ 40 ಅಡಿ ಅಗೆದು ಹಾಕಿದ್ದರೆ ಎರಡರಲ್ಲೂ ಕಾಣದೇ ಹೋಗಬಹುದು.